ದತ್ತಾವಸರ: ಉದ್ಯೋಗಸ್ಥರ ಬದುಕಿನಲ್ಲಿ ಸೃಜನಶೀಲತೆ

ನಮ್ಮ ಶಾಖೆಯಲ್ಲಿ ಯಾರಾದರೂ ನಿವೃತ್ತರಾದಾಗ ಒಂದು ಚಿಕ್ಕ ಸಮಾರಂಭ ನಡೆಯುತ್ತದೆ. ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ, ನಾಲ್ಕು ಒಳ್ಳೆಯ ಮಾತು. ಉತ್ತರ ಹೇಳಲು ನಿಂತವರು ಸಾಮಾನ್ಯವಾಗಿ ಒಂದು ವಾಕ್ಯವನ್ನು ತಪ್ಪದೆ ಆಡುತ್ತಾರೆ: "ಇಷ್ಟು ವರ್ಷ ನೌಕರಿಯಲ್ಲೇ ಕಳೆದುಹೋಯಿತು, ಇನ್ನಾದರೂ ನನ್ನ ಹವ್ಯಾಸಗಳಿಗೆ ಸಮಯ ಕೊಡುತ್ತೇನೆ." ಒಬ್ಬರು ಹಾರ್ಮೋನಿಯಂ ಕಲಿಯುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಚಿತ್ರ ಬರೆಯುತ್ತೇನೆ, ಮತ್ತೊಬ್ಬರು ಆತ್ಮಕಥೆ ಬರೆಯುತ್ತೇನೆ ಎನ್ನುತ್ತಾರೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ.

ಹಾಗೆ ಹೇಳಿ ಹೋದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಮನೆಗೆ ಕೆಲವು ವರ್ಷಗಳ ಬಳಿಕ ಹೋಗಿದ್ದೆ. ಬಾಲ್ಕನಿಯ ಪಕ್ಕದಲ್ಲಿ ಹೊಸ ಮೇಜು, ಒಳ್ಳೆಯ ದೀಪ, ರಟ್ಟು ಹಾಕಿದ ಎರಡು ನೋಟು ಪುಸ್ತಕಗಳು ಇದ್ದವು. ಪುಟಗಳೆಲ್ಲ ಖಾಲಿ. "ಬೆಳಿಗ್ಗೆ ಹಾಲು, ವಾಕಿಂಗು, ಪೇಪರು, ಆಮೇಲೆ ಮೊಮ್ಮಗನ ಶಾಲೆ, ಸಮಯವೇ ಸಿಗುವುದಿಲ್ಲ ಮಾರಾಯರೆ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಮನೆಗೆ ಮರಳುವ ದಾರಿಯಲ್ಲಿ ನನಗೆ ತಳಮಳವಾಯಿತು. ಏಕೆಂದರೆ ನಿವೃತ್ತಿಗೆ ಮೂರು ವರ್ಷ ಉಳಿದಿರುವ ನಾನೂ ಅದೇ ವಾಕ್ಯವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ.

ಸೃಜನಶೀಲ ವ್ಯಕ್ತಿ ಎಂದರೆ ಯಾರು? ಬಿಡುವು ಉಳ್ಳವನೆ? ಹುಟ್ಟಿನಿಂದಲೇ ಪ್ರತಿಭೆಯನ್ನು ಪಡೆದು ಬಂದವನೆ? ಎಲ್ಲರಂತೆ ಸಂಸಾರ, ನೌಕರಿ, ಕಂತುಗಳ ಜಂಜಾಟದಲ್ಲಿರುವವರಿಗೂ ಆ ಹೆಸರು ಸಲ್ಲಬಹುದೆ? ಈ ಪ್ರಶ್ನೆಗಳಿಗೆ ನಮ್ಮ ಪೂರ್ವಿಕರು ಕೊಟ್ಟ ಉತ್ತರ ಅಚ್ಚರಿಪಡುವಷ್ಟು ವ್ಯಾವಹಾರಿಕವಾಗಿದೆ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪದದಲ್ಲೇ ಅಡಗಿರುವ ಅರ್ಥ

'ಸೃಜನಶೀಲ' ಎಂಬ ಪದವನ್ನೇ ಮೊದಲು ನೋಡೋಣ. ಇದರ ಮೂಲದಲ್ಲಿರುವ 'ಸೃಜ್' ಧಾತುವಿಗೆ ಹೊರಬಿಡು, ಹರಿಯಬಿಡು, ನಿರ್ಮಿಸು ಎಂಬ ಅರ್ಥಗಳಿವೆ. ಇನ್ನು 'ಶೀಲ' ಎಂದರೆ ಸ್ವಭಾವವಾಗಿ ಪರಿಣಮಿಸಿದ ನಡತೆ. ದಾನಶೀಲ, ಸಹನಶೀಲ, ಶ್ರಮಶೀಲ ಎಂಬ ಪದಗಳು ನಮಗೆ ಚಿರಪರಿಚಿತ. ದಾನಶೀಲನೆಂದರೆ ಹಣವುಳ್ಳವನಲ್ಲ, ಇದ್ದುದರಲ್ಲೇ ಕೊಡುವುದನ್ನು ರೂಢಿಸಿಕೊಂಡವನು. ತಿಜೋರಿ ತುಂಬಿದ್ದರೂ ಕೈ ಬಿಚ್ಚದವನನ್ನು ಯಾರೂ ದಾನಶೀಲ ಎನ್ನುವುದಿಲ್ಲ. "ನನ್ನ ಬಳಿ ಹತ್ತು ಕೋಟಿ ಆದ ಮೇಲೆ ದಾನ ಮಾಡುತ್ತೇನೆ" ಎನ್ನುವವನನ್ನೂ ಹಾಗೆ ಕರೆಯುವುದಿಲ್ಲ.

ಸೃಜನಶೀಲತೆಗೂ ಇದೇ ಮಾತು ಅನ್ವಯಿಸುತ್ತದೆ. ಅದು ಕೇವಲ ಪ್ರತಿಭೆಯ ಹೆಸರಲ್ಲ, ಪ್ರತಿಭೆಯನ್ನು ನಡೆಸಿಕೊಳ್ಳುವ ಬಗೆಯ ಹೆಸರು. ಬಹಳಷ್ಟು ಮಂದಿಯಲ್ಲಿ ಪ್ರತಿಭೆ ಠೇವಣಿಯ ಹಾಗೆ ಇರುತ್ತದೆ. ಅದನ್ನು ಚಲಾವಣೆಗೆ ತರುವವರು ಕೆಲವರು ಮಾತ್ರ.

ಕಾವ್ಯದ ಹುಟ್ಟಿನ ಕಾರಣವನ್ನು ಭಾರತೀಯ ಕಾವ್ಯಮೀಮಾಂಸಕರು ಸಾಮಾನ್ಯವಾಗಿ ಮೂರು ಮಾತುಗಳಲ್ಲಿ ಹೇಳುತ್ತಾರೆ: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಪ್ರತಿಭೆ ಹೊಸದನ್ನು ಕಾಣುವ ಬುದ್ಧಿ. ವ್ಯುತ್ಪತ್ತಿ ಲೋಕವನ್ನೂ ಶಾಸ್ತ್ರವನ್ನೂ ನೋಡಿ ತಿಳಿದ ತಿಳಿವಳಿಕೆ. ಅಭ್ಯಾಸ ಬಲ್ಲವರ ಬಳಿ ಕಲಿತು ಮತ್ತೆ ಮತ್ತೆ ಮಾಡಿದ ದುಡಿಮೆ. 11ನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ಒಂದು ಸೂಕ್ಷ್ಮವನ್ನು ಸೇರಿಸಿದ್ದಾನೆ. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿಯೇ ಒಂದು ಕಾರಣ ಎಂಬುದು ಅವನ ನಿಲುವು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಸರಿದರೂ ಪಾತ್ರೆ ನಿಲ್ಲುವುದಿಲ್ಲವಷ್ಟೆ.

ನಾವು ಕನ್ನಡಿಗರು ಹೆಮ್ಮೆಯಿಂದ ನೆನೆಯುವ 9ನೆಯ ಶತಮಾನದ 'ಕವಿರಾಜಮಾರ್ಗ', ಉದ್ದೇಶಪೂರ್ವಕವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನ ಎಂದು ಕೊಂಡಾಡುತ್ತದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಮಾತನ್ನು ಕೇಳದವರಿಲ್ಲ. ಆದರೆ ಅದೇ ಗ್ರಂಥದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳ ವಿವೇಚನೆಗೇ ಮೀಸಲಾಗಿದೆ ಎಂಬುದನ್ನು ಭಾಷಣಕಾರರು ಹೇಳುವುದಿಲ್ಲ. ಜನರಲ್ಲಿ ಸಹಜ ಶಕ್ತಿ ಉಂಟು ಎಂದು ಮೆಚ್ಚಿದವರೇ, ಅದನ್ನು ತಿದ್ದಿ ತೀಡದೆ ಬಿಡಲಾಗದು ಎಂದೂ ಬಲ್ಲವರಾಗಿದ್ದರು.

ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನಸೂರರ (1910–1992) ಜೀವನ ಇದಕ್ಕೆ ಉಜ್ವಲ ನಿದರ್ಶನ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪರಂಪರೆಯ ಶಿಕ್ಷಣ ಪಡೆದು, ಧ್ವನಿಮುದ್ರಿಕೆಗಳಿಂದ ಹೆಸರಾದ ಮೇಲೆ, 1930ರ ದಶಕದಲ್ಲಿ ಅವರು ಮುಂಬಯಿಯಲ್ಲಿ ಮಂಜೀಖಾನ್ ಸಾಹೇಬರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಜೈಪುರ-ಅತ್ರೌಲಿ ಘರಾಣೆಯ ಗಾಯನವನ್ನು ಹೊಸದಾಗಿ ಕಲಿಯತೊಡಗಿದರು. ಮಂಜೀಖಾನರು 1937ರಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಅವರ ತಮ್ಮ ಬುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಹೆಸರು ಬಂದ ಮೇಲೂ ವಿದ್ಯಾರ್ಥಿಯಾಗಲು ನಾಚದಿರುವುದೇ ಶೀಲ.

ಕಟ್ಟಿನೊಳಗಣ ಸ್ವಾತಂತ್ರ್ಯ

ಸೃಜನಶೀಲರೆಂದರೆ ಯಾವ ಕಟ್ಟುಪಾಡಿಗೂ ಒಳಗಾಗದೆ ಏನೂ ಇಲ್ಲದಲ್ಲಿಂದ ಹೊಸದನ್ನು ಮಾಡುವವರು ಎಂಬ ನಂಬಿಕೆ ಇಂದು ಪ್ರಬಲವಾಗಿದೆ. ನಮ್ಮ ಕಲೆಗಳು ಬೇರೆಯೇ ಪಾಠವನ್ನು ಹೇಳುತ್ತವೆ. ತಾಳಮದ್ದಲೆಯನ್ನೇ ತೆಗೆದುಕೊಳ್ಳಿ. ಪ್ರಸಂಗದ ಪದ್ಯಗಳು ನಿಶ್ಚಿತ, ಕಥೆ ಎಲ್ಲರಿಗೂ ಗೊತ್ತು, ಕೊನೆಗೆ ಗೆಲ್ಲುವವರು ಯಾರೆಂಬುದೂ ಗೊತ್ತು. ಅರ್ಥಧಾರಿಗೆ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು, ಎದುರಾಳಿ ಎತ್ತಿದ ಪ್ರಶ್ನೆಗೆ ಆ ಕ್ಷಣದಲ್ಲಿ ಮಾತು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥವನ್ನು ಕೇಳಿದವರು, ವಾಲಿಯ ಪಕ್ಷವೂ ಇಷ್ಟು ಗಟ್ಟಿಯಾದುದೇ ಎಂದು ಬೆರಗಾಗಿ ಮನೆಗೆ ಹೋಗುತ್ತಿದ್ದರು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ರಜೆಯ ದಿನ ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿದ ತುಳುನಾಡಿನ ತರುಣರ ಕಥೆ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ.

ನಾನು ಇದನ್ನು ಮೊದಲು ಕಂಡದ್ದು ನನ್ನ ತಾಯಿಯ ಕೈಯಲ್ಲಿ. ನಮ್ಮದು ಧಾರವಾಡ ಕಡೆಯ ಮನೆತನ. ಅಡುಗೆ ಮುಗಿದು ಗಂಡಸರು ಊಟ ಮಾಡಿ ಎದ್ದ ಮೇಲೆ, ಮಧ್ಯಾಹ್ನದ ಬೆಳಕು ಪಡಸಾಲೆಯಿಂದ ಸರಿಯುವ ತನಕ ಆಕೆ ಕಸೂತಿ ಹಾಕುತ್ತಿದ್ದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಗುರುತು ಮಾಡಿಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕಬಾರದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಒಂದು ದಾರಿ ಬಿಟ್ಟು ಬಿಟ್ಟು ಹೋಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ತೇರು, ಗೋಪುರ, ತುಳಸಿಕಟ್ಟೆ, ಪಲ್ಲಕ್ಕಿ, ಆನೆ, ನವಿಲು ಇವೆಲ್ಲ ಪರಂಪರೆಯಿಂದ ಬಂದ ಚಿತ್ತಾರಗಳು.

ಇಷ್ಟೊಂದು ನಿಯಮಗಳಿರುವಲ್ಲಿ ಹೊಸತಿಗೆ ಎಡೆ ಎಲ್ಲಿ ಎಂದು ಕೇಳಬಹುದು. ಆದರೆ ಅವ್ವನ ತೇರು ಪಕ್ಕದ ಮನೆಯವರ ತೇರಿನ ಹಾಗೆ ಇರುತ್ತಿರಲಿಲ್ಲ. ಬಣ್ಣಗಳ ಜೋಡಣೆ, ತೇರಿಗೂ ತೇರಿಗೂ ನಡುವೆ ಬಿಟ್ಟ ತೆರವು, ಮೂಲೆಯಲ್ಲಿ ತಿರುಗುವಾಗ ಆಕೆ ಕಂಡುಕೊಂಡ ಉಪಾಯ, ಇವೆಲ್ಲ ಅವಳವೇ. ಎಷ್ಟೋ ಸಲ ಅರ್ಧ ಆದದ್ದನ್ನು ಬಿಚ್ಚುತ್ತಿದ್ದಳು. "ಯಾರಿಗೆ ಕಾಣ್ತದವಾ, ಬಿಡು" ಎಂದು ಅಜ್ಜಿ ಹೇಳಿದರೆ, "ಒಂದು ಎಳಿ ತಪ್ಪೇದ ಅಂತ ನನಗ ಗೊತ್ತದಲ್ಲಾ ಅತ್ತೀ" ಎಂಬುದು ಅವಳ ಉತ್ತರ. ಸೃಜನಶೀಲ ವ್ಯಕ್ತಿಯ ಲಕ್ಷಣವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಆಕೆಗೆ ದಿನಕ್ಕೆ ಸಿಗುತ್ತಿದ್ದುದು ಒಂದು ಗಂಟೆ. ಅದೂ ಯಾರೂ ಕೊಟ್ಟದ್ದಲ್ಲ, ತಾನೇ ಉಳಿಸಿಕೊಂಡದ್ದು.

ರಾಜಶೇಖರನ ನಾಲ್ಕು ಕವಿಗಳು

ಅವ್ವನ ಆ ಒಂದು ಗಂಟೆಗೆ ಶಾಸ್ತ್ರದಲ್ಲಿ ಒಂದು ಹೆಸರೇ ಇದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಸುಮಾರು ಕ್ರಿ.ಶ. 900ರಲ್ಲಿ ಕನೌಜಿನ ಪ್ರತಿಹಾರ ಅರಸರ ಆಸ್ಥಾನದಲ್ಲಿದ್ದ ರಾಜಶೇಖರನು 'ಕಾವ್ಯಮೀಮಾಂಸೆ' ಎಂಬ ಗ್ರಂಥವನ್ನು ರಚಿಸಿದ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊತ್ತಮೊದಲ ಪುಸ್ತಕವಾಗಿ ಇದು 1916ರಲ್ಲಿ ಪ್ರಕಟವಾಯಿತು. ಕವಿಯ ಮನೆ ಹೇಗಿರಬೇಕು, ಅವನ ದಿನಚರಿ ಏನು, ಯಾವ ಜಾವದಲ್ಲಿ ಓದಬೇಕು, ಯಾವ ಜಾವದಲ್ಲಿ ಬರೆಯಬೇಕು, ಬರೆದುದನ್ನು ಯಾವಾಗ ತಿದ್ದಬೇಕು ಎಂಬಷ್ಟು ವಿವರಗಳು ಇದರಲ್ಲಿವೆ. ರಾಜಶೇಖರನ ಮಡದಿ ಅವಂತಿಸುಂದರಿ ಸ್ವತಃ ವಿದುಷಿ. ಕಾವ್ಯದ ಬಗೆಗಿನ ಆಕೆಯ ಅಭಿಪ್ರಾಯಗಳನ್ನು ಆತ ಹೆಸರು ಹೇಳಿಯೇ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಕಾಲವನ್ನು ಬಳಸುವ ರೀತಿಯನ್ನು ಅನುಸರಿಸಿ ರಾಜಶೇಖರ ಕವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಮೊದಲನೆಯವನು 'ಅಸೂರ್ಯಂಪಶ್ಯ', ಅಂದರೆ ಸೂರ್ಯನನ್ನೂ ಕಾಣದವನು. ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು ವ್ರತದಂತೆ ಕಾವ್ಯ ರಚಿಸುವ ಇವನಿಗೆ ಎಲ್ಲ ಕಾಲವೂ ಕಾವ್ಯಕಾಲವೇ. ಎರಡನೆಯವನು 'ನಿಷಣ್ಣ'. ಅಂಥ ಕಠಿಣ ವ್ರತವಿಲ್ಲದೆಯೂ ಕಾವ್ಯದಲ್ಲೇ ಮುಳುಗಿ ಕುಳಿತವನು. ನಾಲ್ಕನೆಯವನು 'ಪ್ರಾಯೋಜನಿಕ', ಯಾವುದೋ ಸಂದರ್ಭ ಒದಗಿದಾಗ ಅದಕ್ಕೆ ತಕ್ಕಂತೆ ಬರೆಯುವವನು. ನಮ್ಮ ಸ್ಮರಣ ಸಂಚಿಕೆಗಳಿಗೆ ಕವನ ಕೊಡುವವರ ಹಾಗೆ ಎನ್ನಬಹುದು.

ಇವರ ನಡುವೆ ಬರುವ ಮೂರನೆಯವನು 'ದತ್ತಾವಸರ'. ಸೇವೆ ಮೊದಲಾದ ಕರ್ತವ್ಯಗಳಿಗೆ ಅಡ್ಡಿ ಬಾರದಂತೆ, ದೊರೆತ ಅವಕಾಶದಲ್ಲಿ ಕಾವ್ಯ ರಚಿಸುವವನು. ಅಂದರೆ ನೌಕರಿಯಲ್ಲಿರುವ ಕವಿ! ಸಾವಿರದ ನೂರು ವರ್ಷಗಳ ಹಿಂದೆಯೇ ಉದ್ಯೋಗಸ್ಥ ಕವಿಗೆ ಶಾಸ್ತ್ರದಲ್ಲಿ ಒಂದು ಪೀಠ ಸಿದ್ಧವಾಗಿತ್ತು. ರಾಜಶೇಖರ ಇವನನ್ನು ಕನಿಷ್ಠನೆಂದು ತಳ್ಳಿಹಾಕುವುದಿಲ್ಲ. ಬದಲಾಗಿ ಇವನಿಗೆ ಒದಗುವ ವೇಳೆಗಳು ಯಾವುವೆಂದು ಎಣಿಸಿ ಕೊಡುತ್ತಾನೆ. ರಾತ್ರಿಯ ಕೊನೆಯ ಜಾವದ ಅರ್ಧಭಾಗ ಅದರಲ್ಲಿ ಒಂದು, ಅದಕ್ಕೆ ಸಾರಸ್ವತ ಮುಹೂರ್ತವೆಂದು ಹೆಸರು. ಊಟವಾದ ಮೇಲಿನ ನೆಮ್ಮದಿಯ ಹೊತ್ತು ಇನ್ನೊಂದು. ಮತ್ತೊಂದು, ಪಲ್ಲಕ್ಕಿಯಲ್ಲಿ ಕುಳಿತು ಪಯಣಿಸುವ ಹೊತ್ತು. ಏಕೆಂದರೆ ಆಗ ಮನಸ್ಸು ಬೇರೆಲ್ಲ ವಿಷಯಗಳಿಂದ ಬಿಡಿಸಿಕೊಂಡಿರುತ್ತದೆ. ಎಲ್ಲಿ ಇಟ್ಟರೆ ಅಲ್ಲಿ ಅಮೃತಬಳ್ಳಿಯಂತೆ ಹಬ್ಬಿ ಹಿಡಿದುಕೊಳ್ಳುತ್ತದೆ. ಅಮೃತಬಳ್ಳಿಯನ್ನು ಕಂಡವರಿಗೆ ಈ ಹೋಲಿಕೆಯ ಸೊಗಸು ತಿಳಿದೀತು. ಕಡಿದು ಬೇಲಿಯ ಮೇಲೆ ಎಸೆದರೂ ಅದು ಬೇರು ಇಳಿಬಿಟ್ಟು ಚಿಗುರುತ್ತದೆ.

ಇದನ್ನು ಓದಿದಾಗ ಆಧುನಿಕ ಗಣಿತದ ಇತಿಹಾಸದ ಒಂದು ಪ್ರಸಂಗ ನೆನಪಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ಒಂದು ಬಗೆಯ ಫಲನಗಳನ್ನು ಕುರಿತು ವಾರಗಟ್ಟಲೆ ಹೆಣಗಾಡಿದ್ದ. ಬಳಿಕ ಭೂವಿಜ್ಞಾನದ ಪ್ರವಾಸವೊಂದಕ್ಕೆ ಹೋದಾಗ ಗಣಿತವನ್ನು ಮರೆತೇಬಿಟ್ಟಿದ್ದ. ಕುತಾನ್ಸ್ ಎಂಬ ಊರಿನಲ್ಲಿ ಕುದುರೆಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಉತ್ತರ ಥಟ್ಟನೆ ಹೊಳೆಯಿತು. ಊರಿಗೆ ಮರಳಿದ ಮೇಲೆ ಅದನ್ನು ಸಾಧಿಸಿ ನೋಡಿದ. ಇದನ್ನು ಆತನೇ 1908ರ ಪುಸ್ತಕವೊಂದರಲ್ಲಿ ವಿವರಿಸಿದ್ದಾನೆ. ಇಂಥ ಅನುಭವಗಳನ್ನು ಗಮನಿಸಿ ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಸೃಜನಕ್ರಿಯೆಯ ನಾಲ್ಕು ಹಂತಗಳನ್ನು ಗುರುತಿಸಿದ: ಸಿದ್ಧತೆ, ಒಳಗೊಳಗೇ ಕಾವು ಕೂರುವುದು, ಹೊಳಹು, ಪರಿಶೀಲನೆ. ನಾವು ಮೆಚ್ಚಿ ಮಾತಾಡುವುದು ಮೂರನೆಯ ಹಂತವನ್ನು. ಆದರೆ ಬಂಡಿಯ ಮೆಟ್ಟಿಲೇರಿದ ಎಲ್ಲರಿಗೂ ಗಣಿತ ಹೊಳೆಯಲಿಲ್ಲ. ಅದಕ್ಕೆ ಮುಂಚಿನ ಹೆಣಗಾಟ, ಅನಂತರದ ಪರಿಶೀಲನೆ ಇಲ್ಲದಿದ್ದರೆ ಹೊಳಹು ಹೊಳೆದು ಮಾಯವಾಗುವ ಮಿಂಚು ಮಾತ್ರ.

ಪಲ್ಲಕ್ಕಿಯಾಗಲಿ ಬಂಡಿಯಾಗಲಿ ಇಂದು ನಮಗಿಲ್ಲ. ಮುಂಬಯಿಯವರಾದ ನಮಗೆ ಲೋಕಲ್ ರೈಲು ಇದೆ. ನಾನು ಡೊಂಬಿವಲಿಯಿಂದ ಪೇಟೆಗೆ ಹೋಗಿಬರಲು ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ಬೇಕು. ಬ್ಯಾಂಕಿನವನಾದ್ದರಿಂದ ಒಮ್ಮೆ ಲೆಕ್ಕ ಹಾಕಿದೆ. ವರ್ಷಕ್ಕೆ 250 ದಿನ, ದಿನಕ್ಕೆ 2 ಗಂಟೆ, 30 ವರ್ಷ: ಒಟ್ಟು 15,000 ಗಂಟೆ. ಅದರಲ್ಲಿ ನಿಂತು ಜೋತಾಡಿದ ಅರ್ಧವನ್ನು ಕಳೆದರೂ 7,500 ಗಂಟೆ ಉಳಿಯುತ್ತದೆ. ಈ ಖಾತೆಯಲ್ಲಿ ನಾನು ಏನನ್ನು ಜಮೆ ಮಾಡಿದ್ದೇನೆ? ಮೊದಲ ವರ್ಷಗಳಲ್ಲಿ ಇಸ್ಪೀಟು, ಆಮೇಲೆ ಸಂಜೆಪತ್ರಿಕೆ, ಈಗ ಮೊಬೈಲು. ಮನಸ್ಸಿಗೆ ಕಾವು ಕೂರಲು ದೊರೆಯುತ್ತಿದ್ದ ಖಾಲಿ ಹೊತ್ತನ್ನೆಲ್ಲ ಆ ಅಂಗೈಯಗಲದ ಪರದೆ ನುಂಗಿಹಾಕುತ್ತಿದೆ. ಅಮೃತಬಳ್ಳಿಗೆ ಹಬ್ಬಲು ಬೇಲಿ ಸಿಗುವ ಮೊದಲೇ ಇನ್ನೊಂದು ದೃಶ್ಯ ಬಂದು ಅದನ್ನು ಕಿತ್ತುಹಾಕುತ್ತದೆ.

ದತ್ತಾವಸರರ ಪರಂಪರೆ

ಕನ್ನಡದ ಮಟ್ಟಿಗೆ ಹೇಳುವುದಾದರೆ ನಮ್ಮ ಸಾಹಿತ್ಯದ ಗಣನೀಯ ಭಾಗ ದತ್ತಾವಸರರ ಕೊಡುಗೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಿಂದ 1943ರವರೆಗೆ ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿದ್ದರು. ಸಣ್ಣಕಥೆಗಳ ಅವರ ಮೊದಲ ಸಂಗ್ರಹ 1920ರಲ್ಲಿ, ಸಂಗೀತಗಾರನೊಬ್ಬನ ಬದುಕನ್ನು ಕುರಿತ 'ಸುಬ್ಬಣ್ಣ' 1928ರಲ್ಲಿ ಪ್ರಕಟವಾದವು. ಎರಡೂ ಕಡತಗಳ ನಡುವೆ ಹುಟ್ಟಿದವು. 1942ರಲ್ಲಿ 'ಮೈಸೂರು ಮಲ್ಲಿಗೆ'ಯನ್ನು ಕೊಟ್ಟು ಕನ್ನಡಿಗರ ದಾಂಪತ್ಯಕ್ಕೇ ಒಂದು ಭಾಷೆ ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಗುಮಾಸ್ತರು.

ನಮ್ಮ ಮುಂಬಯಿಯ ಹೆಮ್ಮೆ ಯಶವಂತ ಚಿತ್ತಾಲರು (1928–2014). ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ರಸಾಯನ ಉದ್ಯಮದಲ್ಲಿ ಪಾಲಿಮರ್ ತಂತ್ರಜ್ಞರಾಗಿ ಉನ್ನತ ಹುದ್ದೆಗೇರಿದ ಅವರು, ಅದೇ ನೌಕರಿಯ ಅವಧಿಯಲ್ಲಿ ಕನ್ನಡದ ಶ್ರೇಷ್ಠ ಕಥೆಗಾರರೂ ಆದರು. 1979ರ 'ಶಿಕಾರಿ' ಕಾದಂಬರಿಯ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ಆಫೀಸಿನ ರಾಜಕಾರಣ, ಮೇಲಧಿಕಾರಿಯ ಭಯ, ಬೇಟೆಗೆ ಸಿಕ್ಕ ಪ್ರಾಣಿಯಂತೆ ಒದ್ದಾಡುವ ಮನಸ್ಸು ಆ ಕಾದಂಬರಿಯ ವಸ್ತು. ಗಮನಿಸಬೇಕಾದ ಅಂಶ ಇದು: ನೌಕರಿ ಚಿತ್ತಾಲರ ಬರವಣಿಗೆಯಿಂದ ಕಸಿದುಕೊಂಡದ್ದಕ್ಕಿಂತ ಅದಕ್ಕೆ ಕೊಟ್ಟದ್ದು ಹೆಚ್ಚು. ಇಡೀ ದಿನ ಮನೆಯಲ್ಲಿ ಕುಳಿತವರು 'ಶಿಕಾರಿ' ಬರೆಯುವುದು ಸಾಧ್ಯವಿರಲಿಲ್ಲ. ಅವರ ಕಥಾಸಂಗ್ರಹ 'ಕಥೆಯಾದಳು ಹುಡುಗಿ'ಗೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಗೋಕರ್ಣದಿಂದ ಬಂದು ಮುಂಬಯಿಯ ಔಷಧ ಉದ್ಯಮದಲ್ಲಿ ದುಡಿದ ಜಯಂತ ಕಾಯ್ಕಿಣಿಯವರು ಕಂಡ ಮುಂಬಯಿಯೂ ಅಂಥದೇ. ಚಾಳು, ಲೋಕಲ್ ಗಾಡಿ, ಆಸ್ಪತ್ರೆಯ ವಾರ್ಡುಗಳಲ್ಲಿ ನಾವೂ ದಿನವೂ ನೋಡಿ ಮುಂದೆ ಸಾಗಿದ ಮುಖಗಳೇ ಅವರ ಕಥೆಗಳಲ್ಲಿ ನಿಂತು ಮಾತನಾಡಿದವು. ಆ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ಬಂದದ್ದು ಓದುಗರಿಗೆ ತಿಳಿದಿದೆ.

ವಯಸ್ಸು ಮೀರಿತೆಂದು ನಿಟ್ಟುಸಿರಿಡುವವರು ಎಂ.ಕೆ. ಇಂದಿರಾ ಅವರನ್ನು ನೆನೆಯಬೇಕು. 1917ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ ಶಾಲೆ ಬಿಟ್ಟ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 'ಫಣಿಯಮ್ಮ' ಬಂದದ್ದು 1976ರಲ್ಲಿ. ಅಷ್ಟು ವರ್ಷ ಅವರು ಸುಮ್ಮನೆ ಕಾದಿರಲಿಲ್ಲ, ಮಲೆನಾಡಿನ ಹೆಣ್ಣುಮಕ್ಕಳ ಬದುಕನ್ನು ನೋಡುತ್ತ, ಕೇಳುತ್ತ, ಒಳಗೆ ಇಟ್ಟುಕೊಂಡಿದ್ದರು. ಅದು ಮಮ್ಮಟ ಹೇಳುವ ಲೋಕದ ವ್ಯುತ್ಪತ್ತಿ.

ಹಾಗೆಂದು ಎಲ್ಲರೂ ಚಿತ್ತಾಲರೋ ಇಂದಿರಾ ಅವರೋ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಪ್ರತಿಭೆಯ ಪ್ರಮಾಣದಲ್ಲಿ ಅಂತರ ಇದ್ದೇ ಇದೆ. ಕೆಲವರ ಮೇಲಿನ ಹೊರೆ ನಿಜಕ್ಕೂ ಅವರನ್ನು ನುಂಗಿಬಿಡುವಷ್ಟು ದೊಡ್ಡದು, ಅದನ್ನು ಅಲ್ಲಗಳೆಯುವುದು ಕ್ರೌರ್ಯ. ಆದರೆ ನಮ್ಮಂಥವರ ವಿಷಯದಲ್ಲಿ ಹೊರೆ ಎಷ್ಟು, ನೆಪ ಎಷ್ಟು ಎಂದು ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ನನ್ನ ತಾಳೆಪಟ್ಟಿಯನ್ನೇ ಮುಂದಿಡುತ್ತೇನೆ. ಕಾಲೇಜಿನಲ್ಲಿದ್ದಾಗ ನಾನು ಕಥೆ ಬರೆಯುತ್ತಿದ್ದೆ. ಎರಡು ಅಚ್ಚಾಗಿದ್ದವು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಕ್ಯಾಶ್ ಕೌಂಟರಿನಲ್ಲಿ ಕುಳಿತು ಮನಸ್ಸಿನಲ್ಲೇ ಕಥೆ ಹೆಣೆಯುತ್ತಿದ್ದ ಒಂದು ದಿನ, ಸಂಜೆ 500 ರೂಪಾಯಿ ಕಡಿಮೆ ಬಂತು. ಅಂದಿನ ನನ್ನ ಸಂಬಳಕ್ಕೆ ಅದು ದೊಡ್ಡ ಮೊತ್ತ. ಕೈಯಿಂದ ತುಂಬಿದೆ. ಕಥೆ ಮತ್ತು ನೌಕರಿ ಒಟ್ಟಿಗೆ ನಡೆಯುವುದಿಲ್ಲ ಎಂದು ಆ ರಾತ್ರಿ ತೀರ್ಮಾನಿಸಿದೆ. ಮೂವತ್ತು ವರ್ಷ ಆ ತೀರ್ಮಾನವನ್ನು ಯಾರೂ ಪ್ರಶ್ನಿಸಲಿಲ್ಲ, ನಾನೂ ಪ್ರಶ್ನಿಸಲಿಲ್ಲ. ರಾಜಶೇಖರನ ಮಾತು ಈಗ ತಿಳಿಯುತ್ತದೆ. ಸೇವೆಗೆ ಅಡ್ಡಿ ಬಾರದಂತೆ ಎಂದ ಆತ, ಸೇವೆಯ ಹೊತ್ತಿನಲ್ಲಿ ಎಂದಿರಲಿಲ್ಲ. ಕೌಂಟರಿನಲ್ಲಿ ನೋಟನ್ನೇ ಎಣಿಸಬೇಕಿತ್ತು, ರೈಲಿನಲ್ಲಿ ಕಥೆಯನ್ನು ಹೆಣೆಯಬೇಕಿತ್ತು. ನಾನು ಮಾಡಿದ್ದು ಹೊತ್ತಿನ ತಪ್ಪು. ಅದಕ್ಕೆ ಶಿಕ್ಷೆ ಕೊಟ್ಟದ್ದು ಕಥೆಗೆ.

ಓದುಗರಿಗೂ ಪ್ರತಿಭೆ ಬೇಕು

ಮನೆಯಲ್ಲಿ ಎಲ್ಲರೂ ಬರೆಯಬೇಕಾಗಿಲ್ಲ, ಹಾಡಬೇಕಾಗಿಲ್ಲ. ರಾಜಶೇಖರನು ಪ್ರತಿಭೆಯಲ್ಲಿ ಎರಡು ಬಗೆ ಹೇಳುತ್ತಾನೆ. ಮಾಡುವವನಿಗೆ ನೆರವಾಗುವುದು 'ಕಾರಯಿತ್ರಿ'. ಅದನ್ನು ಸವಿದು ಅರಿಯುವವನದು 'ಭಾವಯಿತ್ರಿ'. ಎರಡನೆಯದಿಲ್ಲದಿದ್ದರೆ ಮೊದಲನೆಯದರ ಶ್ರಮ ಫಲಿಸುವುದಿಲ್ಲ. ಸವಿಯುವವರಲ್ಲೂ ನಾಲ್ಕು ವಿಧ. ಏನು ಕೊಟ್ಟರೂ ರುಚಿಸದ ಅರೋಚಕಿ. ಅನ್ನದೊಡನೆ ಹುಲ್ಲನ್ನೂ ತಿಂದುಬಿಡುವವನಂತೆ ಎಲ್ಲವನ್ನೂ ಮೆಚ್ಚುವ ಸತೃಣಾಭ್ಯವಹಾರಿ. ಒಳ್ಳೆಯದೆಂದು ಗೊತ್ತಿದ್ದೂ ಬಾಯಿಬಿಡದ ಮತ್ಸರಿ. ಸತ್ತ್ವವನ್ನು ಅರಸಿ ಹಿಡಿಯುವ ತತ್ತ್ವಾಭಿನಿವೇಶಿ. ಕೊನೆಯವನು ಅಪರೂಪ.

ನಮ್ಮ ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಎರಡನೆಯ ಬಗೆಯವರ ಸಂಖ್ಯೆ ಜಾಸ್ತಿ, ಮನೆಗಳಲ್ಲಿ ಮೊದಲನೆಯ ಬಗೆಯವರದು. ವೇದಿಕೆಯ ಮೇಲೆ ಮಗು ಏನು ಮಾಡಿದರೂ ಕರತಾಡನ, ಅದೇ ಮಗು ಮನೆಯಲ್ಲಿ ಚಿತ್ರ ಬಿಡಿಸುತ್ತ ಕುಳಿತರೆ "ಅದರಿಂದ ಮಾರ್ಕ್ಸ್ ಬರುತ್ತದೆಯೇ?" ಎಂಬ ಪ್ರಶ್ನೆ. ಪರಊರಿಗೆ ಬಂದು ಕಷ್ಟಪಟ್ಟು ನೆಲೆಯೂರಿದ ನಮಗೆ ಮಕ್ಕಳ ಭದ್ರತೆಯ ಚಿಂತೆ ಸಹಜವೇ. ಆದರೆ ಮಗುವಿಗೆ ಬೇಕಾದದ್ದು ಚಪ್ಪಾಳೆಯೂ ಅಲ್ಲ, ಗದರಿಕೆಯೂ ಅಲ್ಲ. ಬಿಡಿಸಿದ್ದನ್ನು ಕೈಗೆತ್ತಿಕೊಂಡು, "ಈ ಮರದ ನೆರಳು ಈ ಕಡೆಗೆ ಏಕೆ ಬಿತ್ತು?" ಎಂದು ಕೇಳುವ ಒಬ್ಬರು ಸಾಕು. ನಮ್ಮ ಅಜ್ಜಿ ಅವ್ವನ ಕಸೂತಿಯನ್ನು ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ತಿರುಗಿಸಿ ನೋಡಿ, ಏನೂ ಹೇಳದೆ ಮಡಿಸಿ ಇಡುತ್ತಿದ್ದಳು. ಆ ನೋಟಕ್ಕಾಗಿ ಅವ್ವ ಕಾಯುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ನಿವೃತ್ತ ಸಹೋದ್ಯೋಗಿಯ ಮನೆಯಿಂದ ಬಂದ ರಾತ್ರಿ ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಮಗಳ ಮುಂದೆ ಹೇಳಿದೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ, "ಅಪ್ಪಾ, ನೀವು ಬರದ ಕಥೀ ಒಂದೂ ನಾ ಓದೇ ಇಲ್ಲ. ಮನ್ಯಾಗ ಅವ ಏನು?" ಎಂದು ಕೇಳಿದಳು. ಇಪ್ಪತ್ತಾರು ವರ್ಷದ ಮಗಳಿಗೆ ತಂದೆ ಒಂದು ಕಾಲಕ್ಕೆ ಕಥೆಗಾರನಾಗಿದ್ದನೆಂಬುದು ಕೇವಲ ಕೇಳಿದ ಸುದ್ದಿಯಾಗಿತ್ತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹುಡುಕಿ ಒಂದನ್ನು ತೆಗೆದುಕೊಟ್ಟೆ. ಓದಿ ಮುಗಿಸಿ, "ಚಲೋ ಅದ. ಆದರ ಕೊನೀಗೆ ಆ ಮುದುಕಿ ಯಾಕ ಅಳಬೇಕು? ಆಕಿ ಅಳೂವಾಕಿ ಅಲ್ಲ" ಎಂದಳು. ಮೂವತ್ತು ವರ್ಷಗಳಲ್ಲಿ ಯಾರೂ ಹೇಳದ ಮಾತು. ಸರಿಯಾದ ಮಾತು.

ಈಗ ಬೆಳಗಿನ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕ ದಿನ ಠಾಣೆ ದಾಟುವವರೆಗೆ ಮೊಬೈಲು ಚೀಲದಲ್ಲಿರುತ್ತದೆ. ಹಳೆಯ ವೋಚರುಗಳ ಅಳತೆಯ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ಸಂಜೆ ಮರಳುವಾಗ ಅದರಲ್ಲಿ ಮೂರನ್ನು ಹೊಡೆದುಹಾಕುತ್ತೇನೆ. ಅದು ಒಳ್ಳೆಯ ಕಥೆಯಾದೀತೆ ಎಂಬ ಭರವಸೆ ನನಗಿಲ್ಲ. ಮುದುಕಿ ಮಾತ್ರ ಈ ಸಲ ಅಳುತ್ತಿಲ್ಲ.